ಏಣಿ ಒಳಗೆಳೆದುಕೊಂಡ ರಾಚಯ್ಯ

ಮಡಿವಾಳಜ್ಜನವರ ಮಠದಲ್ಲಿ ರಾಚಯ್ಯನಷ್ಟು ಓದಿದ ಶಿಷ್ಯ ಇನ್ನೊಬ್ಬನಿರಲಿಲ್ಲ. ಓದು ತಲೆಯಲ್ಲಿದ್ದರೆ ಕೋಪ ಮೂಗಿನ ತುದಿಯಲ್ಲಿತ್ತು.

ಒಂದು ದಿನ ಪಾಠದಲ್ಲಿ ಅವನು ತಪ್ಪು ಓದಿದ. ಅಜ್ಜ ತಿದ್ದಿದರು. ಹಿಂದೆ ಕೂತ ಯಾರೋ ಕಿಸಕ್ಕನೆ ನಕ್ಕರು.

ಅಷ್ಟೇ ಸಾಕಾಯಿತು. ಅಂಗಳದಲ್ಲಿ ಜೋಳ ತುಂಬಿಡುವ ಹಗೇವು ಆ ವರ್ಷ ಬರಿದಾಗಿತ್ತು. ರಾಚಯ್ಯ ಏಣಿ ಹಾಕಿ ಆ ನೆಲದ ಗುಂಡಿಗೆ ಇಳಿದ. ಇಳಿದವನು ಏಣಿಯನ್ನೂ ಒಳಗೆಳೆದುಕೊಂಡ.

ಮೂರನೆಯ ದಿನ ಅಜ್ಜ ಹಗೇವಿನ ಬಾಯಿಯ ಬಳಿ ಬಂದು ಕೂತರು.

“ಒಳಗ ಏನ್ ಮಾಡಾಕತ್ತೀಯೋ ರಾಚಯ್ಯ?”

“ನನ್ನ ಇಷ್ಟದಂಗ ಅದೀನ್ರಿ ಅಜ್ಜಾರ. ಮ್ಯಾಲಿನವ್ರು ಗಂಟಿ ಹೊಡದ್ರ ಏಳ್ತಾರ, ಗಂಟಿ ಹೊಡದ್ರ ಉಣ್ತಾರ. ನಾ ಯಾರ ಗಂಟಿಗೂ ಏಳೂದಿಲ್ಲ.”

“ಗಂಟಿ ಹೊಡದಾಗ ನೀ ಏನ್ ಮಾಡ್ತಿ?”

“ಹೋಗಬಾರದು ಅಂತ ಹಲ್ಲು ಕಚ್ಚಿ ಕೂಡ್ತೀನ್ರಿ.”

“ಪ್ರತಿ ಗಂಟಿಗೂ?”

“ಪ್ರತಿ ಗಂಟಿಗೂ.”

“ಅವರಾದ್ರ ಒಮ್ಮೊಮ್ಮೆ ಗಂಟಿ ಕೇಳದ ನಿದ್ದಿ ಮಾಡ್ತಾರಪಾ,” ಎಂದು ಅಜ್ಜ ಎದ್ದು ಹೋದರು.

ರಾಚಯ್ಯನಿಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಬಾಳವ್ವ ಬಂದಳು. ಮಠದಲ್ಲಿ ರೊಟ್ಟಿ ಬಡಿಯುವವಳು. ಗಂಡ ಸತ್ತು ಹತ್ತು ವರ್ಷವಾಗಿತ್ತು. ಮಠ ಬಿಟ್ಟರೆ ಅವಳಿಗೆ ಇನ್ನೊಂದು ಸೂರಿರಲಿಲ್ಲ. ಬಟ್ಟೆಯಲ್ಲಿ ರೊಟ್ಟಿ ಕಟ್ಟಿ, ಹಗ್ಗದಲ್ಲಿ ಇಳಿಬಿಟ್ಟಳು.

“ಉಣ್ರಿ ಅಯ್ಯಾರ. ನಾ ಯಾರಿಗೂ ಹೇಳೂದಿಲ್ಲ.”

ಬಿಸಿ ರೊಟ್ಟಿಯ ವಾಸನೆಗೆ ಅವನ ಬಾಯಲ್ಲಿ ನೀರೂರಿತು. ಅವಳ ಮಾತಿಗೆ ಅಳುವೇ ಬರುವಂತಾಯಿತು. ಹಾಗಾದದ್ದನ್ನು ಅವನಿಂದ ಸಹಿಸಲಾಗಲಿಲ್ಲ. ಅವಳಿಗೆ ಎಲ್ಲಿ ನೋಯುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಗಂಡನ್ನ ನುಂಗಿದಾಕಿ ಕೈಯಾಗಿನ ಕೂಳು ನನಗ ಬ್ಯಾಡ,” ಎಂದ.

ಹಗ್ಗ ಮೇಲಿನಿಂದ ಜಾರಿ ಬುತ್ತಿಯ ಮೇಲೆ ಬಿತ್ತು.

ರಾಚಯ್ಯನಿಗೆ ಗೆದ್ದಂತಾಯಿತು. ಅವಳ ಹೆಜ್ಜೆ ಸಪ್ಪಳ ದೂರವಾದ ಮೇಲೆ ಬುತ್ತಿ ಬಿಚ್ಚಿ ಎರಡೂ ರೊಟ್ಟಿ ತಿಂದ.

ಮರುದಿನ ಯಾರೋ ಮಾತಾಡದೆ ರೊಟ್ಟಿ ಇಳಿಸಿ ಹೋದರು. ಸೀದ ರೊಟ್ಟಿ. ಅದರ ಮರುದಿನವೂ ಸೀದದ್ದೇ ಬಂತು.

ಬಾಳವ್ವನ ಕೈಯ ರೊಟ್ಟಿ ಎಂದೂ ಸೀದದ್ದಿರಲಿಲ್ಲ. ರಾಚಯ್ಯ ಏಣಿ ಹತ್ತಿ ನೇರ ಅಡುಗೆಮನೆಗೆ ಹೋದ. ಒಲೆಯ ಮುಂದೆ ಅಜ್ಜ ಕೂತು ಸೊಟ್ಟಸೊಟ್ಟ ರೊಟ್ಟಿ ಬಡಿಯುತ್ತಿದ್ದರು.

“ಬಾಳವ್ವ ಎಲ್ಲೆ ಅಜ್ಜಾರ?”

“ಮಠ ಬಿಟ್ಟು ಹೋದ್ಲು. ಊರಿನ ಎರಡೂ ದಾರಿಗೆ ಮಂದೀನ್ನ ಕಳಿಸೀನಿ. ಸಿಕ್ಕಿಲ್ಲ.”

“ಹೋಗೂವಾಗ ಏನರ ಅಂದ್ಲೇನ್ರಿ?”

“ಅಯ್ಯಾರಿಗೆ ಹಸಿವಾಗಿರತೈತಿ, ಬ್ಯಾರೆಯವರ ಕೈಲೆ ರೊಟ್ಟಿ ಕಳಸ್ರಿ ಅಂದ್ಲು. ಮತ್ತೇನೂ ಹೇಳಲಿಲ್ಲ.”

ರಾಚಯ್ಯ ಒಲೆಯ ಬಳಿ ಕೂತ. ತಾನು ಆಡಿದ ಮಾತನ್ನು ಬಾಯಿಬಿಟ್ಟು ಹೇಳಿದ. ಅಜ್ಜನ ಕೈ ಹಿಟ್ಟಿನ ಮೇಲೆ ಹಾಗೇ ನಿಂತಿತು.

“ಅದು ನಾ ಆಡಿದ್ದಲ್ರಿ ಅಜ್ಜಾರ. ಹಸಿವು ಆಡಿಸ್ತು. ಸಿಟ್ಟು ಆಡಿಸ್ತು. ಅವತ್ತ ಯಾರೋ ನಕ್ಕಿದ್ರಲ್ರೀ, ಅವರು ಆಡಿಸಿದ್ರು!”

ಅಜ್ಜ ಹಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತೆಗೆದು ಅವನ ಕೈಗಿಟ್ಟರು.

“ಹಗೇವಿನ್ಯಾಗ ಇದ್ದಷ್ಟು ದಿನ ಎಲ್ಲಾ ನಿನ್ನ ಇಷ್ಟದಂಗ ಇತ್ತಲ್ಲಪಾ. ಆ ಒಂದು ಮಾತಿಗಷ್ಟ ಯಾಕ ಇಷ್ಟು ಮಂದೀನ್ನ ಕರೀತಿ?”