ಒಗ್ಗರಣೆಯ ಕ್ಯಾಲೊರಿ

ಗಿರಣಿ ಸಾಹುಕಾರ ವೀರಭದ್ರಪ್ಪ ಅಡುಗೆಯ ತುಂಗವ್ವನ ಮೇಲೆ ಎಗರಾಡಿದ. "ನನ್ನ ತೂಕ ಮೂರು ಕೆಜಿ ಏರಿದೆ. ಎಲ್ಲಾ ನಿನ್ನ ಒಗ್ಗರಣೆಯಿಂದ! ನಾಳೆಯಿಂದ ಸಾಸಿವೆ, ಜೀರಿಗೆ ಒಂದೊಂದರ ಕ್ಯಾಲೊರಿಯನ್ನೂ ಎಣಿಸಿ ಬರೆದಿಡು. ಆಗದಿದ್ದರೆ ಕೆಲಸ ಬಿಡು."

ತುಂಗವ್ವನಿಗೆ ಮೈಯೆಲ್ಲ ಉರಿಯಿತು. ಹನ್ನೆರಡು ವರ್ಷ ಬೇಯಿಸಿ ಹಾಕಿದ್ದಕ್ಕೆ ಈ ಮಾತು!

ಮರುದಿನ ಮಧ್ಯಾಹ್ನ ಮೂರಾದರೂ ಊಟ ಬರಲಿಲ್ಲ. ಸಾಹುಕಾರ ಅಡುಗೆಮನೆಗೆ ನುಗ್ಗಿದ. ತುಂಗವ್ವ ತಟ್ಟೆಯಲ್ಲಿ ಸಾಸಿವೆ ಹರವಿಕೊಂಡು ಕೂತಿದ್ದಳು.

"ಇನ್ನೂರ ಹನ್ನೊಂದು... ಜೀರಿಗೆ ಇನ್ನೂ ಎಣಿಸಬೇಕು, ಸಾಹುಕಾರ್ರೇ."

"ಹಸಿವಿನಿಂದ ಸಾಯ್ತಿದ್ದೀನಿ! ಎಣಿಸೋದು ಬಿಡು, ಬಡಿಸು!"

"ಬಿಟ್ಟರೆ ಕೆಲಸ ಹೋಗುತ್ತಲ್ಲ?"

"ಹೋಗಲ್ಲ ತಾಯೀ!"

ತುಂಗವ್ವ ಅನ್ನ, ಸಾರು ಬಡಿಸಿದಳು. ಸಾಹುಕಾರ ದಿನದಂತೆ ತುಪ್ಪದ ಗಿಂಡಿಯನ್ನು ಅನ್ನದ ಮೇಲೆ ಬಗ್ಗಿಸಿದ. ಅವಳು ಥಟ್ಟನೆ ಗಿಂಡಿ ಹಿಡಿದುಕೊಂಡಳು.

"ತಡೀರಿ. ಇದನ್ನ ಹಾಕಿಕೊಳ್ಳೋರು ನೀವು. ಇದರ ಕ್ಯಾಲೊರಿ ನೀವೇ ಬರೀರಿ."

ಸಾಹುಕಾರ ಅವಳ ಕೆಂಡದಂಥ ಕಣ್ಣು ನೋಡಿದ. ಗಿಂಡಿ ಬಿಟ್ಟು ಬರೀ ಸಾರನ್ನ ಉಂಡ.