ಅಳಿಲು ಕೊಟ್ಟ ಎರಡು ಓಲೆಗರಿ

ನಂಬಲ್ಲ ಅನ್ನುವವರು ಈಗಲೇ ಎದ್ದು ಹೋಗಿ, ಸುಳ್ಳು ಹೇಳುವ ಜಾಯಮಾನ ನಮ್ಮೂರಿನವರದಲ್ಲ! ನಮ್ಮ ಕಾಡಿನ ಶಾಲೆಯಲ್ಲಿ ಓದುವ ಓಲೆಗರಿಗಳನ್ನಿಟ್ಟ ಮರದ ಪೊಟರೆ ನೋಡಿಕೊಳ್ಳುತ್ತಿದ್ದದ್ದು ಒಂದು ಅಳಿಲು. ಮೇಷ್ಟ್ರುಗಳ ಪಟ್ಟಿಯಲ್ಲಿ ಅದರ ಹೆಸರಿರಲಿಲ್ಲ. ಒಂದು ದಿನ ಇನ್ಸ್‌ಪೆಕ್ಟರ್ ಆನೆ ಬಂದು, "ಪಾಠ ಮಾಡದವರಿಗೆ ಇನ್ನು ಸಂಬಳದ ಕಾಳಿಲ್ಲ, ಪೊಟರೆ ಮುಚ್ಚಿ" ಎಂದಿತು.

"ಗರಿ ಎತ್ತಿಕೊಡೋದಕ್ಕೆ ಕೋತಿಯೂ ಸಾಕು ಸಾಹೇಬರೇ," ಎಂದು ಹೆಡ್‌ಮೇಷ್ಟ್ರು ಹುಂಜ ಎದೆಯುಬ್ಬಿಸಿತು. "ಪಾಠ ಅಂದರೆ ನನ್ನದು. ಬೇಕಾದರೆ ಮರಿಗಳನ್ನು ಕೇಳಿ ನೋಡಿ."

ಆನೆ ಬೇಕೆಂದೇ ಕೇಳಿತು: "ಹಾವು ಹಾಲು ಕುಡಿದು ಬದುಕುತ್ತದೆ. ಹೌದೋ ಅಲ್ಲವೋ?"

"ಹೌದು ಸಾಹೇಬರೇ!" ಎಂದು ಹುಂಜವೇ ಮೊದಲು ಕೂಗಿತು. ಮರಿಗಳೆಲ್ಲ ದನಿಗೂಡಿಸಿದವು. ಮುಂಗುಸಿಯ ಮರಿ ಮಾತ್ರ ಎದ್ದು ನಿಂತಿತು.

"ತಪ್ಪು ತಿಳಿಯಬೇಡಿ ಸಾಹೇಬರೇ. ಒಂದು ಗರಿಯಲ್ಲಿ ಹೌದು ಅಂತಿದೆ, ಇನ್ನೊಂದರಲ್ಲಿ ಅಲ್ಲ ಅಂತಿದೆ. ಅಳಿಲಣ್ಣ ಯಾವಾಗಲೂ ಎರಡು ಗರಿ ಕೊಟ್ಟು, ನೀನೇ ಹೋಗಿ ನೋಡು ಅಂತಾರೆ. ನಾನು ಹುತ್ತದ ಹತ್ತಿರ ಮೂರು ದಿನ ಕಾದೆ. ಹಾವು ಹಾಲು ಮುಟ್ಟಲಿಲ್ಲ, ಕಪ್ಪೆಯನ್ನು ನುಂಗಿತು."

ಆನೆಗೆ ಎದುರಾಡಿದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅಳಿಲು ಪೊಟರೆಯಿಂದ ಇಳಿದು ಮುಂಗುಸಿ ಮರಿಯ ಪಕ್ಕ ಬಂದು ನಿಂತಿತು. ಆನೆ ಮೆಲ್ಲಗೆ ಬಂದು, ಅಂಗೈಯಷ್ಟು ಗಾತ್ರದ ಆ ಅಳಿಲಿನ ಮುಂದೆ ಮಂಡಿಯೂರಿತು.

"ನನ್ನ ಮಾತನ್ನೂ ಪರೀಕ್ಷಿಸಿ ನೋಡೋದನ್ನು ಕಲಿಸಿದ್ದು ನೀವಾ, ಮೇಷ್ಟ್ರೇ?"

ಅಂದೇ ಅಳಿಲಿಗೆ ಮೇಷ್ಟ್ರುಗಳ ಪಟ್ಟಿಯಲ್ಲಿ ಹೆಸರು, ಮೇಷ್ಟ್ರುಗಳಷ್ಟೇ ಕಾಳು, ಪೊಟರೆಗೆ ಹೊಸ ಓಲೆಗರಿಗಳು ಸಿಕ್ಕವು.