ಮರಿಸಿದ್ದ ಇಪ್ಪತ್ತೊಂದು ಕಿಲೋಮೀಟರು ಓಡಿದ್ದು

ಬುದ್ಧಿವಂತರ ಕತೆಯನ್ನು ಅವರೇ ಹೇಳಿಕೊಳ್ಳುತ್ತಾರೆ. ಪೆದ್ದನ ಕತೆಯನ್ನು ನಾವು ಹೇಳಬೇಕು.

ಹುಣಸೆಕೊಪ್ಪಲಲ್ಲಿ ನಿಂಗಾಜಮ್ಮ ಅಂತ ಒಬ್ಬಳು. ಅವಳಿಗೆ ಮರಿಸಿದ್ದ ಅಂತ ಒಬ್ಬನೇ ಮಗ. ಆಳು ಗಟ್ಟಿ, ಕಾಲು ಗಟ್ಟಿ, ತಲೆ ಇನ್ನೂ ಗಟ್ಟಿ. ಅದರೊಳಕ್ಕೆ ಒಂದು ಸಲಕ್ಕೆ ಒಂದೇ ಮಾತು ಇಳಿಯುತ್ತಿತ್ತು. ಇನ್ನೊಂದು ಇಳಿಯುವವರೆಗೂ ಅದೇ ಮಾತು.

ನಿಂಗಾಜಮ್ಮನಿಗೆ ಒಂದೇ ಆಸೆ. ಅಣ್ಣ ಸಿದ್ದಶೆಟ್ಟಿಯ ಮಗಳು ಸುಧಾಮಣಿಯನ್ನು ಸೊಸೆ ಮಾಡಿಕೊಳ್ಳಬೇಕು. ಸುಧಾಮಣಿಗೂ ಮನಸ್ಸಿತ್ತು. "ಹೇಳಿದ್ದು ಕೇಳೋ ಗಂಡು ಇನ್ನೆಲ್ಲಿ ಸಿಗುತ್ತೆ ಅತ್ತೆ?" ಎಂದಿದ್ದಳು. ಸಿದ್ದಶೆಟ್ಟಿ ಮಾತ್ರ ತಲೆ ಅಲ್ಲಾಡಿಸಿದ.

"ನಿಂಗಾಜಿ, ಸೋದರಳಿಯ ಅನ್ನೋದೇನೋ ಸರಿ. ಆದರೆ ಇವನು ಒಂದು ಕೆಲಸ ಹಿಡಿದು ಮುಗಿಸಿದ್ದು ಯಾರಾದರೂ ಕಂಡವ್ರಾ? ನಮ್ಮ ಹೋಬಳೀಲಿ ಈ ಸಲ ಓಟ ಇಟ್ಟವ್ರೆ. ಅರ್ಧ ಮ್ಯಾರಥಾನಂತೆ. ಇಪ್ಪತ್ತೊಂದು ಕಿಲೋಮೀಟರು. ಮೂರು ಗಂಟೆಯೊಳಗೆ ಮುಗಿಸಿದವರ ಕೊರಳಿಗೆಲ್ಲ ಪದಕ ಹಾಕ್ತಾರೆ. ಇವನು ಗೆಲ್ಲೋದೇನೂ ಬೇಡ. ಕೊರಳಲ್ಲಿ ಪದಕ ಇರಲಿ, ಹೆಣ್ಣು ಕೊಡ್ತೀನಿ. ಇಲ್ಲದಿದ್ದರೆ ಬೇರೆ ಗಂಡು ನೋಡ್ತೀನಿ."

ಮಾರನೆಯ ದಿನವೇ ನಿಂಗಾಜಮ್ಮ ಮಗನನ್ನು ಬಾಗಿಲಾಚೆ ನಿಲ್ಲಿಸಿದಳು. "ಓಡಿ ಅಭ್ಯಾಸ ಮಾಡ್ಕೋ. ಯಾರು ಕೂಗಿದರೂ ನಿಲ್ಲಬೇಡ!"

"ಆಯ್ತವ್ವ!"

ಓಡಿದ. ಕಾಲುವೆ ಏರಿಯ ಮೇಲೆ ಸಿದ್ದಶೆಟ್ಟಿ ಮೊಪೆಡ್ ಸಮೇತ ಬಿದ್ದಿದ್ದ. ಮೇಲೆ ಮೊಪೆಡ್ಡು, ಅದರ ಮೇಲೆ ತೆಂಗಿನಕಾಯಿ ಮೂಟೆ.

"ಮರಿಸಿದ್ದಾ! ಎತ್ತೋ!"

"ಅವ್ವ ನಿಲ್ಲಬೇಡ ಅಂದವ್ಳೆ ಮಾವ!" ಓಡಿಯೇ ಹೋದ. ಬರುವಾಗಲೂ ಮಾವ ಅಲ್ಲೇ ಇದ್ದ. ಬರುವಾಗಲೂ ನಿಲ್ಲಲಿಲ್ಲ.

ನಿಂಗಾಜಮ್ಮ ಹಣೆ ಚಚ್ಚಿಕೊಂಡಳು. "ಅಯ್ಯೋ ಮಂಕೇ! ದಾರೀಲಿ ಯಾರಾದರೂ ಕೈಲಾಗದೆ ಕೂತಿದ್ದರೆ ಎತ್ತಿ, ಅವರ ಮನೆ ಮುಟ್ಟಿಸಿ, ಆಮೇಲೆ ಓಡಬೇಕು ಕಣೋ!"

"ಹಂಗೇ ಮಾಡ್ತೀನಿ ಕಣವ್ವ!"

ಮಾರನೆಯ ದಿನ ಪಕ್ಕದೂರಿನ ಹೊಂಗೆ ಮರದ ಕೆಳಗೆ ಒಬ್ಬ ಮುದುಕಿ ಕೂತಿದ್ದಳು.

"ಅಜ್ಜಿ, ನಿನ್ನ ಮನೆ ಯಾವೂರು?"

"ಕಲ್ಲುಕಟ್ಟೆ ಕಣಪ್ಪಾ..."

ಮಾತು ಮುಗಿಯುವುದರೊಳಗೆ ಅಜ್ಜಿ ಹೆಗಲ ಮೇಲೆ. ಮರಿಸಿದ್ದ ಮೂರು ಮೈಲಿ ಓಡಿ, ಕಲ್ಲುಕಟ್ಟೆಯ ಅವಳ ಮನೆ ಜಗಲಿಯ ಮೇಲೆ ಇಳಿಸಿ, ಕೈ ಮುಗಿದು ಬಂದ.

ಸಂಜೆಗೆ ಅಜ್ಜಿಯ ಬಸುರಿ ಮಗಳೂ ಅಳಿಯನೂ ನಿಂಗಾಜಮ್ಮನ ಬಾಗಿಲಿಗೆ ಬಂದರು. "ಬಾಣಂತನಕ್ಕೆ ಅಂತ ನಮ್ಮವ್ವ ಬೆಳಗಿನಿಂದ ಕಾಲೆಳ್ಕೊಂಡು ಬಂದಿದ್ಲು. ನಮ್ಮನೆ ಹತ್ತು ಹೆಜ್ಜೆ ಇತ್ತು. ನಿನ್ನ ಮಗ ವಾಪಸ್ ಒಯ್ದು ಇಟ್ಟವ್ನೆ!"

"ನನ್ನ ಹೊಟ್ಟೇಲಿ ಎಲ್ಲಿಂದ ಹುಟ್ಟಿದೆಯೋ! ಮೊದಲು 'ಏನು ಬೇಕು' ಅಂತ ಕೇಳಬೇಕು. ಅವರು ಕೇಳಿದ್ದು ಕೊಡಬೇಕು. ತಿಳೀತಾ?"

"ತಿಳೀತು ಕಣವ್ವ!"

ಓಟದ ದಿನ ಬಂತು. ಮರಿಸಿದ್ದನ ಎದೆಗೆ ನಂಬರು ಚುಚ್ಚಿದರು. ನಿಂಗಾಜಮ್ಮ ಅಣ್ಣನ ಮೊಪೆಡ್ಡಿನ ಹಿಂದೆ ಹತ್ತಿದಳು. "ಕಾಲು ಅವನದೇ ಓಡಲಿ. ಬಾಯಿ ಬೇಕಾದರೆ ನಿನ್ನದಿರಲಿ," ಎಂದು ಸಿದ್ದಶೆಟ್ಟಿ ಷರತ್ತು ಹಾಕಿದ.

ಬಂದೂಕು ಢಂ ಎಂದಿತು. ಮರಿಸಿದ್ದ ಹಾರಿದ. ಪೇಟೆಯವರು, ಕಾಲೇಜಿನವರು, ದುಬಾರಿ ಬೂಟಿನವರು ಎಲ್ಲರೂ ಹಿಂದೆ. ಐದನೆಯ ಕಿಲೋಮೀಟರಿನಲ್ಲಿ ಕುಡಿಯುವ ನೀರಿನ ಮೇಜು. ಅಲ್ಲಿ ನಿಂತ.

ಮೊದಲು ಬಂದವನನ್ನು ಕೇಳಿದ: "ಏನು ಬೇಕಣ್ಣ?"

"ನೀರು!"

ಕೊಟ್ಟ. "ನಿಮಗೇನು ಬೇಕಕ್ಕ?" "ನೀರು!" ಕೊಟ್ಟ. ಬೀಗರನ್ನು ಉಪಚರಿಸುವಂತೆ ಮುನ್ನೂರು ಜನಕ್ಕೆ ನೀರು ಕೊಟ್ಟ. ಕೊನೆಗೆ ಬಂದ ದಪ್ಪನೆಯವರೊಬ್ಬರು "ಒಂದು ಕುರ್ಚಿ ಸಿಕ್ಕಿದರೆ..." ಎಂದರು. ಎದುರು ಮನೆಗೆ ಹೋಗಿ ಕುರ್ಚಿಯನ್ನೂ ತಂದ.

ಮೊಪೆಡ್ಡು ಬಂತು. "ಲೋ! ಇದೇನು ಮದುವೆ ಮನೆಯೇನೋ! ಊರವರ ಉಸಾಬರಿ ಬಿಡು! ಮುಂದೆ ಜೋರಾಗಿ ಓಡ್ತಿರೋ ಒಬ್ಬನ್ನ ಹಿಡ್ಕೊ. ಅವನ ಬೆನ್ನು ಬಿಡಬೇಡ!"

"ಬಿಡಲ್ಲ ಕಣವ್ವ!"

ಮತ್ತೆ ಹಾರಿದ. ಕವಲು ದಾರಿಯ ಹತ್ತಿರ ಹಳದಿ ಅಂಗಿಯವನೊಬ್ಬ ಪ್ರಾಣ ಹೋಗುವಂತೆ ಓಡುತ್ತಿದ್ದ. ಅವನಷ್ಟು ಜೋರಾಗಿ ಓಡುವವರು ಯಾರೂ ಇರಲಿಲ್ಲ. ಮರಿಸಿದ್ದ ಅವನ ಬೆನ್ನು ಹಿಡಿದ. ಹಳದಿ ಅಂಗಿ ಓಡಿತು, ಮರಿಸಿದ್ದ ಓಡಿದ. ಹಳದಿ ಅಂಗಿ ಸಂತೇಮಾಳದ ಬಸ್ಸು ಹತ್ತಿತು, ಮರಿಸಿದ್ದ ಹತ್ತಿದ. ಹಳದಿ ಅಂಗಿ ಕೂತಿತು, ಮರಿಸಿದ್ದ ಪಕ್ಕದಲ್ಲಿ ಕೂತ.

"ಎಲ್ಲಿಗೆ?" ಕಂಡಕ್ಟರು ಕೇಳಿದ.

"ಇವರೆಲ್ಲಿಗೋ ಅಲ್ಲಿಗೆ."

"ನೀನ್ಯಾರಯ್ಯ ನಂಗೆ?" ಎಂದಿತು ಹಳದಿ ಅಂಗಿ.

ಸಿದ್ದಶೆಟ್ಟಿ ಮೊಪೆಡ್ಡನ್ನು ಬಸ್ಸಿಗೆ ಅಡ್ಡ ನಿಲ್ಲಿಸಿದ. ನಿಂಗಾಜಮ್ಮ ಮಗನ ಕಿವಿ ಹಿಡಿದು ಇಳಿಸಿದಳು. "ಬಸ್ಸು ಹತ್ತಿದ ಜಾಗಕ್ಕೇ ವಾಪಸ್ ಹೋಗಿ ಓಡಬೇಕು, ಅಷ್ಟೇ," ಎಂದ ಸಿದ್ದಶೆಟ್ಟಿ.

"ಕೇಳಿದೆಯೇನೋ? ಇನ್ನು ಯಾರನ್ನೂ ನೋಡಬೇಡ! ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದವ್ರಲ್ಲ, ಆ ಗೆರೆ ಹಿಡಿದು ಓಡು!"

"ಗೆರೆ ಬಿಡಲ್ಲ ಕಣವ್ವ!"

ಬಿಡಲಿಲ್ಲ. ತಲೆಯನ್ನೇ ಎತ್ತಲಿಲ್ಲ. ಹದಿನೆಂಟನೆಯ ಕಿಲೋಮೀಟರಿನಲ್ಲಿ ದಾರಿ ಒಂದು ಶಾಲೆಯ ಬಯಲನ್ನು ಹಾದು ಹೋಗುತ್ತಿತ್ತು. ಬಯಲಿನಲ್ಲಿ ಕಬಡ್ಡಿ ಅಂಕಣ. ಅದಕ್ಕೂ ಸುಣ್ಣದ ಗೆರೆ.

ನಿಂಗಾಜಮ್ಮ ಬಂದು ನೋಡುತ್ತಾಳೆ, ಮಗ ಅಂಕಣದ ಸುತ್ತ ಗಾಣದೆತ್ತಿನಂತೆ ತಿರುಗುತ್ತಿದ್ದಾನೆ. ಕಟ್ಟೆಯ ಮೇಲೆ ಇಬ್ಬರು ಮುದುಕರು ಎಣಿಸುತ್ತಿದ್ದಾರೆ. "ಅರವತ್ತೆಂಟು!" "ಅಲ್ಲ ಕಣಯ್ಯ, ಅರವತ್ತೊಂಬತ್ತು!"

"ಮರಿಸಿದ್ದಾ!"

"ಈ ಗೆರೆ ಬಲು ಉದ್ದ ಕಣವ್ವ!"

ಸಿದ್ದಶೆಟ್ಟಿ ಗಡಿಯಾರ ನೋಡಿದ. "ಹದಿನೈದು ನಿಮಿಷ ಉಳಿದೈತೆ, ಮೂರು ಕಿಲೋಮೀಟರು ಉಳಿದೈತೆ. ನಿಂಗಾಜಿ, ನಾನು ಬೇರೆ ಗಂಡು ನೋಡೋದೇ ಸೈ."

ನಿಂಗಾಜಮ್ಮನ ಕಣ್ಣಲ್ಲಿ ನೀರು ಬಂತು. "ತಪ್ಪು ನಂದೇ ಕಣಪ್ಪ. ನನ್ನ ಮಾತು ಕೇಳೀ ಕೇಳೀ ನೀನು ಕೆಟ್ಟೆ. ಇನ್ನು ಯಾರು ಏನು ಹೇಳಿದರೂ ಅದನ್ನ ಮಾತ್ರ ಮಾಡಬೇಡ! ನಾನು ಹೇಳಿದರೂ ಮಾಡಬೇಡ!"

"ಮಾಡಲ್ಲ ಕಣವ್ವ!"

ಸಿದ್ದಶೆಟ್ಟಿ ಬೇಸತ್ತು ಹೇಳಿದ, "ಬಿಡೋ ಅಳಿಯ. ಇನ್ನು ಓಡಬೇಡ."

ಅಷ್ಟೇ! ಮರಿಸಿದ್ದ ಬಾಣದಂತೆ ಹೋದ. ದಾರಿಯುದ್ದಕ್ಕೂ ಜನ ನಿಂತು, "ಸುಸ್ತಾಗಿದ್ದರೆ ನಡೀರಿ ಸ್ವಾಮಿ!" ಎನ್ನುತ್ತಿದ್ದರು. ನಡೆಯಲಿಲ್ಲ. "ನೀರು ಕುಡೀರಿ!" ಎನ್ನುತ್ತಿದ್ದರು. ಕುಡಿಯಲಿಲ್ಲ. ಒಂದು ನಿಮಿಷ ಉಳಿದಿರುವಾಗ ಕೊನೆಯ ಗೆರೆ ದಾಟಿದ.

ದಾಟಿದವನು ಹೋಗುತ್ತಲೇ ಇದ್ದ!

"ನಿಲ್ರೀ! ಪದಕ!" ಎಂದು ಪದಕ ಹಾಕುವವರು ಕೂಗಿದರು. ನಿಲ್ಲಲಿಲ್ಲ. "ನಿಲ್ಲೋ ಮಗನೇ!" ನಿಂಗಾಜಮ್ಮ ಕೂಗಿದಳು. ನಿಲ್ಲಲಿಲ್ಲ. "ಕೊರಳಿಗೇ ಬೀಳಬೇಕು, ಇನ್ನೊಬ್ಬರ ಕೈಗೆ ಕೊಡೋ ಹಂಗಿಲ್ಲ," ಎಂದರು ಪದಕದವರು.

ಗುಂಪಿನಲ್ಲಿ ಸುಧಾಮಣಿ ಇದ್ದಳು. ಅತ್ತೆಯನ್ನು ಕೇಳಿದಳು, "ಕೊನೇಲಿ ಏನು ಹೇಳಿದೆ ಅತ್ತೆ?" ನಿಂಗಾಜಮ್ಮ ಅಳುತ್ತ ಹೇಳಿದಳು. ಸುಧಾಮಣಿ ಸೆರಗು ಸಿಕ್ಕಿಸಿ, ಕಲ್ಲಿನ ಮೇಲೆ ಹತ್ತಿ ಕೂಗಿದಳು:

"ಬಾವಾ! ನಿಲ್ಲಬೇಡ! ಈ ಕಡೆ ಬರಲೇಬೇಡ! ನನ್ನ ಮುಂದೆ ತಲೆ ಬಗ್ಗಿಸಬೇಡ!"

ಮರಿಸಿದ್ದ ಗಕ್ಕನೆ ನಿಂತ. ತಿರುಗಿದ. ಬಂದ. ತಲೆ ಬಗ್ಗಿಸಿದ. ಕೊರಳಿಗೆ ಪದಕ ಬಿತ್ತು.

ಸಿದ್ದಶೆಟ್ಟಿ ಪದಕವನ್ನು ತಿರುಗಿಸಿ ನೋಡಿದ, ಮಗಳ ಮುಖ ನೋಡಿದ. "ಇವನಿಗೆ ಇವಳೇ ಸರಿ," ಎಂದ.

ಲಗ್ನಕ್ಕೆ ದಿನ ಗೊತ್ತಾಯಿತು. ಪದಕದ ಸಂಭ್ರಮದಲ್ಲಿ ಮಗನಿಗೆ ಹೊಸ ಮಾತು ಹೇಳುವುದನ್ನು ನಿಂಗಾಜಮ್ಮ ಮರೆತೇಬಿಟ್ಟಳು.

ಧಾರೆಯ ದಿನ ಪುರೋಹಿತರು, "ತಾಳಿ ಕಟ್ಟಪ್ಪ," ಎಂದರು. ಮರಿಸಿದ್ದ ಕೈ ಕಟ್ಟಿ ಕೂತ. ಸಿದ್ದಶೆಟ್ಟಿ, "ಕಟ್ಟೋ!" ಎಂದ. ಮರಿಸಿದ್ದ ಬೆನ್ನು ತಿರುಗಿಸಿದ. ವಾದ್ಯದವರು ಊದೀ ಊದೀ ಸೋತರು.

ಮದುಮಗಳು ತಲೆ ತಗ್ಗಿಸಿಯೇ ಮೆಲ್ಲಗೆ, "ಕಟ್ಟಬೇಡ ಬಾವ," ಎಂದಳು.

ತಕ್ಷಣ ಕಟ್ಟಿದ. ಒಂದು ಗಂಟು, ಎರಡು ಗಂಟು, ಮೂರು ಗಂಟು.

"ಸಾಕಪ್ಪ, ಸಾಕು, ಮೂರಾಯಿತು, ನಿಲ್ಲಿಸು!" ಎಂದು ಇಡೀ ಚಪ್ಪರವೇ ಕೂಗಿತು.

ಅಷ್ಟು ಜನ ಹೇಳಿದ ಮೇಲೆ ನಿಲ್ಲಿಸುತ್ತಾನೆಯೇ? ದಾರ ಮುಗಿಯುವವರೆಗೂ ಗಂಟು ಹಾಕಿದ.